ಕಂಬಳಿಯಗಲದ ಹಿಮ

"ಅಜ್ಜಿ ಮಲಗಿದಾರೆ. ನಾಳೆ ಬಾ!"

ಅಜ್ಜಿಯ ಮೊಮ್ಮಗ ಎಲ್ಡನ್ ಬಾಗಿಲು ದಡಾರನೆ ಮುಚ್ಚಿದ ಸದ್ದಿಗೆ ನಮ್ಮ ಲೋನ್ ಸರೋವರದ ಮಂಜುಗಡ್ಡೆ ಮೂರು ಕಡೆ ಬಿರುಕು ಬಿಟ್ಟಿತು. ಸುಳ್ಳಲ್ಲ, ನಾನೇ ಎಣಿಸಿದ್ದೇನೆ!

ಹೊರಗೆ ಜಾಲಿನ್ ನಿಂತಿದ್ದಳು. ಕೈಯಲ್ಲಿ ಕಥೆ ಕೇಳುವ ಮುನ್ನ ಪದ್ಧತಿಯಂತೆ ಅಜ್ಜಿಗೆ ಕಾಣಿಕೆ ಕೊಡಲು ತಂದ ತಂಬಾಕಿನ ಪೊಟ್ಟಣ, ಕಣ್ಣಲ್ಲಿ ಕೆಂಡ.

ಮೂಲನಿವಾಸಿ ಶಿಕ್ಷಣದಲ್ಲಿ ಅವಳ ಎಂ.ಎಡ್. ಮುಗಿಯಲು ಒಂದೇ ಅಧ್ಯಾಯ ಬಾಕಿ. ಶಾಲೆಯ ಮಕ್ಕಳಿಗೆ ಕಲಿಸಲು ಅಜ್ಜಿಯಿಂದ ಒಂದು ಕಥೆ ಕೇಳಿ, ತಿರುಗಿ ಒಪ್ಪಿಸಿ, ಸೈ ಅನ್ನಿಸಿಕೊಳ್ಳಬೇಕು. ಆದರೆ ಅಂಥ ಕಥೆಗಳನ್ನು ಕೆನಡಾದ ಮೂಲನಿವಾಸಿಗಳಾದ ನಮ್ಮ ಕ್ರೀ ಜನ ನೆಲದ ಮೇಲೆ ಹಿಮ ಇರುವಾಗ ಮಾತ್ರ ಹೇಳುತ್ತಾರೆ. ಹಿಮ ಕರಗಿತೋ, ಬಾಯಿಗೆ ಬೀಗ!

ಸಸ್ಕಟೂನ್ ನಗರದಿಂದ ಬಂದವಳು, ನಮ್ಮೂರಲ್ಲಿದ್ದ ಚಿಕ್ಕಮ್ಮನ ಮನೆಯಲ್ಲಿ ಉಳಿದು ದಿನಾ ಬಂದಳು.

"ಅಜ್ಜಿಗೆ ಶೀತ."

"ಅಜ್ಜಿ ಬಿಂಗೋ ಆಡೋಕೆ ಹೋಗಿದಾರೆ."

ಹಾಗೆಂದು ಎಲ್ಡನ್ ಅವಳನ್ನು ತನ್ನ ಗ್ಯಾರೇಜಿಗೆ ಕರೆದೊಯ್ದು, ಚಹಾ, ಬ್ಯಾನಕ್ ರೊಟ್ಟಿ ಕೊಟ್ಟು, ಹೊಟ್ಟೆ ಹುಣ್ಣಾಗುವಂತೆ ನಗಿಸಿ ಕಳಿಸುತ್ತಿದ್ದ. 'ಇವನ ನಗು ನೋಡೋಕೇ ಬರ್ತಿದೀನಾ...?' ಜಾಲಿನ್ ತನ್ನನ್ನೇ ಬೈದುಕೊಂಡಳು.

ಏಪ್ರಿಲ್ ಬಂತು. ಹಿಮವೆಲ್ಲ ಕೆಸರಾಯಿತು. ತಿಂಗಳ ಕೊನೆಗೆ ಪ್ರಬಂಧ ಕೊಡದಿದ್ದರೆ ಇನ್ನೊಂದು ವರ್ಷ ಕಾಯಬೇಕು ಎಂದು ಪ್ರೊಫೆಸರ್ ಫೋನ್ ಮಾಡಿದರು.

ಅಂದೇ ಅಂಗಡಿಯಲ್ಲಿ ಅಜ್ಜಿ ಸಿಕ್ಕರು. "ಏನೇ ಹುಡುಗಿ, ಕಥೆ ಕೇಳೋಕೆ ಬರ್ತೀಯ ಅಂತ ಚಳಿಗಾಲ ಪೂರ್ತಿ ಕಾದೆ. ಬರಲೇ ಇಲ್ವಲ್ಲ?"

ಎಲ್ಡನ್ ಹೇಳಿದ್ದೆಲ್ಲ ಬರೀ ನೆಪ ಎಂದು ಜಾಲಿನ್‌ಗೆ ಆಗ ಹೊಳೆಯಿತು!

ಗ್ಯಾರೇಜಿಗೆ ನುಗ್ಗಿದಳು. "ನನ್ನ ಡಿಗ್ರಿ ಮುಳುಗಿಸಿದ್ದು ನೀನು! ಇನ್ನು ಮುಖ ತೋರಿಸ್ಬೇಡ!"

ಎಲ್ಡನ್ ಅಲ್ಲಿಂದಲೇ ತನ್ನ ಪಿಕಪ್ ಗಾಡಿ ಹತ್ತಿ ಹೊರಟ. ಮೂರು ದಿನ ಊರಲ್ಲಿ ಕಾಣಲೇ ಇಲ್ಲ. ಅಷ್ಟರಲ್ಲಿ ಅವನು ಸುತ್ತಿದ ಕಾಡು ನಮ್ಮ ಇಡೀ ಸಸ್ಕ್ಯಾಚವಾನ್ ಪ್ರಾಂತ್ಯಕ್ಕಿಂತ ದೊಡ್ಡದು ಅಂತೀನಿ!

ನಾಲ್ಕನೆಯ ಬೆಳಿಗ್ಗೆ ಕಿವಿಯವರೆಗೂ ಕೆಸರು ಮೆತ್ತಿಕೊಂಡು ಅವಳ ಚಿಕ್ಕಮ್ಮನ ಮನೆ ಮುಂದೆ ಪಿಕಪ್ ತಂದು ನಿಲ್ಲಿಸಿದ. ಮುಂದಿನ ಸೀಟಿನಲ್ಲಿ ಅಜ್ಜಿ.

"ಗಾಡಿ ಹತ್ತು. ಆಮೇಲೆ ಬೈಯುವೆಯಂತೆ!"

ಬೆಟ್ಟದ ಉತ್ತರದ ತಪ್ಪಲು. ದಟ್ಟ ಸ್ಪ್ರೂಸ್ ಮರಗಳ ಕೆಳಗೆ, ಬಿಸಿಲು ಕಾಣದ ಜಾಗದಲ್ಲಿ... ಹಿಮ! ಒಂದು ಕಂಬಳಿಯಷ್ಟೇ ಅಗಲ.

ಅಜ್ಜಿ ಅದರ ಮೇಲೇ ಮಡಚುವ ಕುರ್ಚಿ ಹಾಕಿಸಿ ಕೂತರು. ತಂಬಾಕು ಸ್ವೀಕರಿಸಿದರು. "ಕಾಲ ಕೆಳಗೆ ಹಿಮ ಇದೆ ತಾನೇ? ಕೂತ್ಕೋ, ಬೇಗ!"

ಅಜ್ಜಿ ಹೇಳಿದರು. ಜಾಲಿನ್ ಒಪ್ಪಿಸಿದಳು. ಎರಡು ಸಲ ತಪ್ಪಿದಳು. ಹಿಮ ಅಂಚಿನಿಂದ ಕರಗುತ್ತಿತ್ತು. ಮೂರನೆಯ ಸಲ ಅಜ್ಜಿ ತಲೆಯಾಡಿಸಿದರು. "ಸೈ! ಇನ್ನು ಮಕ್ಕಳಿಗೆ ಹೇಳು."

ಎಂ.ಎಡ್. ಮುಗಿದಂತೆಯೇ! ಜಾಲಿನ್ ಕುಣಿದಾಡಿದಳು. ಅಜ್ಜಿ ನಗುತ್ತಾ ಗಾಡಿ ಹತ್ತಿದ ಮೇಲೆ ಎಲ್ಡನ್‌ನ ಕಡೆ ತಿರುಗಿದಳು.

"ಯಾಕೋ ಹಾಗೆ ಮಾಡಿದೆ?"

"ಮೊದಲ ದಿನ ಅಜ್ಜಿ ನಿಜವಾಗ್ಲೂ ಮಲಗಿದ್ರು. ಆಮೇಲೆ... ಕಥೆ ಸಿಕ್ಕಿದ್ರೆ ನೀನು ಸಸ್ಕಟೂನಿಗೆ ಹೋಗಿಬಿಡ್ತೀಯ ಅಂತ ಭಯ ಆಯ್ತು. ನೀನಂದ್ರೆ ಅಷ್ಟು ಇಷ್ಟ ಜಾಲಿನ್. ತಪ್ಪು ನನ್ನದೇ."

"ಪೆದ್ದ! ಈ ಓದು ಯಾಕೆ ಅಂತ ಒಂದ್ಸಲಾನಾದ್ರೂ ಕೇಳಿದ್ಯಾ? ಇಲ್ಲಿನ ಶಾಲೆಗೇ ಟೀಚರ್ ಆಗೋಕೆ ಕಣೋ! ಸೆಪ್ಟೆಂಬರಿಂದ ನಾನು ಇಲ್ಲೇ!"

"ಇಲ್ಲೇ ಅಂದ್ರೆ... ಎಷ್ಟು ದಿನ?"

ಅವನ ಕೆನ್ನೆಯ ಕೆಸರನ್ನು ಹೆಬ್ಬೆರಳಿನಿಂದ ಒರೆಸುತ್ತಾ ಅವಳು ಪಿಸುಗುಟ್ಟಿದಳು. "ನಿನ್ನ ಹತ್ತಿರ ಇರೋ ಸುಳ್ಳೆಲ್ಲ ಮುಗಿಯೋವರೆಗೆ."

"ಹಾಗಾದ್ರೆ ಮುದುಕಿ ಆಗೋವರೆಗೂ ಇರ್ತೀಯ!"

"ಇರ್ತೀನಿ."