ಹರಸುವ ಮುನ್ನ ಹೋದ ಗೊಂಚಲು

ಝರುಹಿ ಅಜ್ಜಿಯ ದ್ರಾಕ್ಷಿ ಗೊಂಚಲನ್ನು ಇಳಿಸಲು ಸಿಡ್ನಿ ಬಂದರಿನಿಂದ ಕ್ರೇನ್ ತರಿಸಬೇಕಾಗುತ್ತದೆ. ಅನುಮಾನವಿದ್ದರೆ ಬಂದರಿನವರನ್ನೇ ಕೇಳಿ. ಅಂಥ ಗೊಂಚಲು ಕಳುವಾಗಿದೆಯೆಂದು ಆಗಸ್ಟ್‌ನ ಒಂದು ಶನಿವಾರ ಬೆಳಿಗ್ಗೆ ಅಜ್ಜಿ ಠಾಣೆಗೆ ದೂರು ಕೊಟ್ಟಳು. ತನಿಖೆಗೆ ಬಂದವರು ನಮ್ಮ ಆರ್ಮೇನಿಯನ್ನರ ಹುಡುಗಿ ಇನ್‌ಸ್ಪೆಕ್ಟರ್ ಶೋಘಿಗ್ ಮತ್ತು ಕಾನ್‌ಸ್ಟೇಬಲ್ ಡಾಯ್ಲ್.

"ಒಂದು ಗೊಂಚಲಿಗೆ ಎಫ್‌ಐಆರಾ?" ಎಂದ ಡಾಯ್ಲ್.

"ನಾಳೆ ಪಾದ್ರಿ ದ್ರಾಕ್ಷಿ ಹರಸೋ ಹಬ್ಬ ಕಣಯ್ಯ! ಅಲ್ಲೀವರೆಗೆ ಈ ವರ್ಷದ ದ್ರಾಕ್ಷಿ ನಾವ್ಯಾರೂ ಬಾಯಿಗಿಡಲ್ಲ. ಇಲ್ಲಿ ಈಗ ಚಳಿಗಾಲ, ಬಳ್ಳಿ ಬೋಳು. ಮಾರ್ಚ್‌ನಲ್ಲಿ ಕೊಯ್ದು ಶೆಡ್ಡಲ್ಲಿ ನೇತುಹಾಕಿದ್ರಲ್ಲಿ ಕೊಳೀದೆ ಉಳಿದಿದ್ದು ಅದೊಂದೇ. ಊರಿನ ಬಳ್ಳೀದು, ಸಿರಿಯಾದ ಕೆಸಾಬಿಂದು! ಕಸ್ಟಮ್ಸ್‌ನವರಿಗೆ ಕಾಣದ ಹಾಗೆ ಕೋಟಿನ ಅಸ್ತರಿನೊಳಗೆ ಬಳ್ಳಿ ಕಡ್ಡಿ ಹೊಲಿದು ತಂದಿದ್ದೆ."

"ಅದು ನನಗೆ ಕೇಳಿಸಲಿಲ್ಲ ಅಜ್ಜಿ," ಎಂದಳು ಶೋಘಿಗ್.

ಪಂಚನಾಮೆ: ಶೆಡ್ಡಿನ ಬೀಗ ಮುರಿದಿಲ್ಲ. ಕೀಲಿ ಕಲ್ಲಿನಡಿ ಇರುವುದು ಬೀದಿಯ ಆರ್ಮೇನಿಯನ್ನರಿಗೆಲ್ಲ ಗೊತ್ತು. ಮುಖ್ಯ ಸಾಕ್ಷಿ, ಪಕ್ಕದ ಮನೆಯ ಗಾರ್ಬಿಸ್. ಅಂದರೆ ನಾನೇ.

"ಏಳು ಜನ ಕಳ್ಳರು. ಒಬ್ಬೊಬ್ಬನೂ ಬಾಗಿಲಷ್ಟು ಅಗಲ. ಮೂವರನ್ನ ನಾನೇ ಕೆಡವಿದೆ."

"ಮಾಮ, ನಿಂಗೆ ಮಂಡಿನೋವಲ್ವಾ?" ಎಂದಳು ಶೋಘಿಗ್.

"ಕೋಪ ಬಂದ್ರೆ ನೋವೆಲ್ಲಿ?"

ಮಧ್ಯಾಹ್ನ ಶೋಘಿಗ್ ಬೀದಿಯವರನ್ನೆಲ್ಲ ಅಜ್ಜಿಯ ಅಡುಗೆಮನೆಗೆ ಕರೆಸಿದಳು. ಕಾಫಿ ಬಂತು. ಜೊತೆಗೆ ಶೋಘಿಗ್ ಅಂಗಡಿಯ ದ್ರಾಕ್ಷಿಯ ತಟ್ಟೆಯನ್ನೂ ನಡುವೆ ಇಟ್ಟಳು. ಎಲ್ಲರೂ ಕೈ ಹಿಂದೆಗೆದರು.

"ಹರಸೋಕೆ ಮುಂಚೆ ದ್ರಾಕ್ಷಿಯೇನೇ? ಪೊಲೀಸಾದ ತಕ್ಷಣ ಧರ್ಮ ಬಿಟ್ಯಾ?" ಅಜ್ಜಿ ಗದರಿದಳು.

ನಾನು ಕಥೆ ಮುಂದುವರಿಸಿ ನಾಲ್ಕನೆಯ ಕಳ್ಳನನ್ನು ಕೆಡವುತ್ತಿದ್ದೆ. ಕೈ ತಾನಾಗಿ ತಟ್ಟೆಗೆ ಹೋಯಿತು. ಹಣ್ಣು ಬಾಯಿಗೆ ಬಿತ್ತು. ಅಜ್ಜಿ ಶಿಲುಬೆಯ ಗುರುತು ಹಾಕಿಕೊಂಡಳು.

"ಮಾಮ," ಶೋಘಿಗ್ ಮೆಲ್ಲಗೆ ಕೇಳಿದಳು, "ನೀನು ಈ ವರ್ಷ ತಿಂದ ಮೊದಲ ದ್ರಾಕ್ಷಿ ಇದಲ್ಲ, ಅಲ್ವಾ?"

ನನ್ನ ಹೆಂಡತಿ ನ್ವಾರ್ತ್ ತಿಂಗಳಿಂದ ಆಸ್ಪತ್ರೆಯಲ್ಲಿದ್ದಾಳೆ. ನಾಳೆಯ ಮಾತನ್ನು ಡಾಕ್ಟರು ಆಡುತ್ತಿಲ್ಲ.

"ಕೆಸಾಬಿನ ಹಣ್ಣು ಬೇಕು ಅಂದ್ಲು. ತಂದ್ರೆ, ಹರಸದ್ದು ತಿನ್ನಲ್ಲ ಅಂದ್ಲು. ಪಾಪ ನಂಗಿರ್ಲಿ ಅಂತ ಮೊದಲನೇದು ನಾನು ತಿಂದೆ. ಆಮೇಲೆ ಅವಳೂ ಒಂದು ತಿಂದ್ಲು. ಹುಡುಗಿಯಾಗಿದ್ದಾಗ ತನ್ನ ಅಪ್ಪನ ತೋಟದಲ್ಲಿ ನನಗೋಸ್ಕರ ತಾನು ಕದ್ದಿದ್ದು ನೆನೆದು ನಕ್ಕಳು."

ಸಂಜೆ ನಾಲ್ಕಕ್ಕೆ ನನ್ನ ಬಂಧನ ದಾಖಲಾಯಿತು.

"ಉಳಿದಿದ್ದೆಲ್ಲೋ?" ಅಜ್ಜಿ ಕೇಳಿದಳು.

"ಅವಳ ದಿಂಬಿನ ಪಕ್ಕ."

"ಅಲ್ಲೇ ಇರ್ಲಿ. ಪಾದ್ರೀನ ಇವತ್ತೇ ಅಲ್ಲಿಗೆ ಎಳ್ಕೊಂಡು ಹೋಗ್ತೀನಿ," ಎಂದು ಅಜ್ಜಿ ಕೋಟು ಹುಡುಕಿದಳು.

ಡಾಯ್ಲ್ ಪೆನ್ನು ಹಿಡಿದು ಕಾಯುತ್ತಿದ್ದ. "ಆ ಏಳು ಜನರ ವಿಷಯ ಏನಂತ ಬರೀಲಿ?"

"ಒಬ್ಬನೇ ಕಣಪ್ಪ," ಎಂದೆ. "ಮುದುಕ. ತುಂಬ ಹೆದರಿದ್ದ."