ಒಂದು ಫೋಲ್ಡರ್ ಬಿಟ್ಟು

ಹವಾಲ್ದಾರ್ ಶೈಲಾ ಠಾಣೆಯ ಗೋಡೆಗೆ ಅಂಟಿಸಿದ್ದ ಫೋನ್ ನಂಬರುಗಳ ಪಟ್ಟಿಯನ್ನು ಒದ್ದೆ ಬಟ್ಟೆಯಿಂದ ನೆನೆಸಿ, ಉಗುರಿನಿಂದ ಮೆಲ್ಲಗೆ ಕೀಳುತ್ತಿದ್ದಳು. ವರ್ಷಕ್ಕೊಮ್ಮೆ ಈ ಕೆಲಸ ಅವಳದೇ. ಹೊಸ ಪಟ್ಟಿಗೆ ಅಂಟು ಸವರಿ ತಿರುಗಿದಾಗ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

2025ರ ಆಗಸ್ಟ್ 18, ಬೆಳಿಗ್ಗೆ 10.20. ದೂರುದಾರಳು ಕಲ್ಲವ್ವ, ಖಡಕಿಯವಳು. ಮರಾಠಿಯಲ್ಲಿ ಶುರು ಮಾಡಿದವಳು ಇನ್ಸ್‌ಪೆಕ್ಟರ್ ಬಸವಲಿಂಗರ ಹೆಸರಿನ ಫಲಕ ಓದಿ ಕನ್ನಡಕ್ಕೆ ಹೊರಳಿದಳು. ಐದು ದಿನದ ಹಿಂದೆ ಗಂಡ ಕಾಡಪ್ಪನಿಗೆ ಎದೆನೋವು ಬಂದಿತ್ತು. ಮೊಬೈಲ್ ಆಪ್‌ನಿಂದ ಕರೆಸಿದ ಆಂಬುಲೆನ್ಸ್ ಬೇಗನೆ ಬಂತು. ಆದರೆ ಅದು ಹೋದದ್ದು ಜೂನ್‌ನಲ್ಲೇ ತುರ್ತು ವಾರ್ಡ್ ಮುಚ್ಚಿದ್ದ ಆಸ್ಪತ್ರೆಗೆ. ಅಲ್ಲಿಂದ ಇನ್ನೊಂದು ಆಸ್ಪತ್ರೆಗೆ ಇಪ್ಪತ್ತಾರು ನಿಮಿಷ. ಕಾಡಪ್ಪ ದಾರಿಯಲ್ಲೇ ತೀರಿಕೊಂಡ.

“ಡ್ರೈವರಂದು ತಪ್ಪಿಲ್ರಿ ಸಾಹೇಬ್ರ. ಮೊಬೈಲ್ ತೋರಿಸಿದ ಕಡೆ ಹೋದ. ಬಾಗಲಕ್ಕ ಕೀಲಿ ಇತ್ತು. ನಮ್ಮವ್ರು ಕೀಲಿ ನೋಡಿ, ‘ಊಟಕ್ಕ ಹೋಗ್ಯಾರೇನ’ ಅಂದ್ರು. ಅದ ಕಡೀ ಮಾತು.” ಅವಳು ಸೆರಗು ಸರಿಮಾಡಿಕೊಂಡಳು. “ಆ ಬಾಗಲಕ್ಕ ಯಾರು ಕಳಿಸಿದ್ರು? ಅಷ್ಟ ಹೇಳ್ರಿ ನನಗ.”

ನಿರ್ಲಕ್ಷ್ಯದಿಂದ ಸಾವು ಎಂದು ಎಫ್‌ಐಆರ್ ದಾಖಲಾಯಿತು.

ಆಗಸ್ಟ್ 20, ಮಧ್ಯಾಹ್ನ 2.30. ಆ ಆಪ್ ತಯಾರಿಸಿದ ಕಂಪನಿಯ ಕಚೇರಿ ಯೆರವಡಾದಲ್ಲಿತ್ತು. ತಂಡದ ಮುಖ್ಯಸ್ಥ ರೋಹಿತ ಬೆಂಗಳೂರಿನವನು.

“ಆಸ್ಪತ್ರೆ ಆರಿಸೋ ಭಾಗ ಬರೆದಿದ್ದು ಎಐ ಏಜೆಂಟ್ ಸರ್, ಮನುಷ್ಯರಲ್ಲ.”

“ಯಂತ್ರಕ್ಕ ಬೇಡಿ ಹಾಕಾಕ ಬರೂದಿಲ್ಲ. ಮನಷ್ಯಾರ ಹೆಸರು ಹೇಳ್ರಿ,” ಎಂದರು ಬಸವಲಿಂಗ.

ರೋಹಿತ ಬೆವರು ಒರೆಸಿಕೊಂಡು ವಿವರಿಸಿದ. ಕಂಪನಿಯ ಕೋಡ್ ಲಕ್ಷಾಂತರ ಸಾಲು. ಏಜೆಂಟ್ ಹೊಸದನ್ನು ಬರೆಯುವ ಮೊದಲು, ಮೊದಲೇ ಏನಿದೆ ಎಂದು ಒಂದು ಇಂಡೆಕ್ಸ್‌ನಲ್ಲಿ, ಅಂದರೆ ಕೋಡಿನ ಸೂಚಿಯಲ್ಲಿ, ಹುಡುಕುತ್ತದೆ. ಮುಚ್ಚಿದ ವಾರ್ಡ್‌ಗಳನ್ನು ಕೈಬಿಡುವ ನಿಯಮವನ್ನು ಜೂನ್‌ನಲ್ಲೇ ಕೋಡ್‌ಗೆ ಸೇರಿಸಿದ್ದರು. ಆದರೆ ಇಂಡೆಕ್ಸ್ ಕೊಟ್ಟದ್ದು ಅದಕ್ಕೂ ಹಿಂದಿನ ಸಾಲುಗಳನ್ನು. ಏಜೆಂಟ್ ಅದನ್ನೇ ನಂಬಿ ಬರೆದಿತ್ತು.

“ನಾನೂ ಸರಿಯಾಗಿ ನೋಡ್ದೆ ಓಕೆ ಒತ್ತಿದೆ,” ಎಂದ.

ಬಸವಲಿಂಗ ಶೈಲಾಳ ಕಡೆ ನೋಡಿದರು. “ನಿನಗೇನರ ತಿಳೀತೇನವಾ?”

“ನಮ್ಮ ಗ್ವಾಡಿ ಮ್ಯಾಲಿನ ಪಟ್ಟಿ ಇದ್ದಂಗ ಸರ್. ನಂಬರ್ ಬದ್ಲಾಗಿ, ಪಟ್ಟಿ ಹಳೇದ ಇದ್ರ, ನಾವು ಹಳೇ ನಂಬರಿಗೇ ಫೋನ್ ಹಚ್ಚತೀವಿ.”

“ಪಟ್ಟಿ ಬದಲ್ಸೋರು ಯಾರು?” ಬಸವಲಿಂಗ ರೋಹಿತನನ್ನು ಕೇಳಿದರು.

ಇಬ್ಬರು ಪಂಚರ ಮುಂದೆ ಇಂಡೆಕ್ಸ್‌ನ ಸೆಟ್ಟಿಂಗ್ ತೆಗೆಸಿ, ಮುದ್ರಿಸಿ, ಪಂಚನಾಮೆ ಬರೆದರು. ಕೋಡ್ ಬದಲಾದಾಗಲೆಲ್ಲ ಇಂಡೆಕ್ಸ್ ತಾನಾಗಿ ಹೊಸದಾಗುತ್ತಿತ್ತು, ಒಂದು ಫೋಲ್ಡರ್ ಬಿಟ್ಟು. ಮುಚ್ಚಿದ ವಾರ್ಡ್‌ಗಳ ನಿಯಮ ಸೇರಿದ್ದು ಅದೇ ಫೋಲ್ಡರಿಗೆ; ಇಂಡೆಕ್ಸ್‌ನಲ್ಲಿ ಮಾತ್ರ ಅದರ ಹಳೆಯ ಸಾಲುಗಳೇ ಉಳಿದಿದ್ದವು. ಅದನ್ನು ಬಿಡುವಂತೆ ಸೂಚಿಸಿದ ಸಾಲು ಸೇರಿದ್ದು ಜೂನ್ 2, ಬೆಳಿಗ್ಗೆ 11.40ಕ್ಕೆ. ಸೇರಿಸಿದವಳು ಇಂಡೆಕ್ಸ್ ನೋಡಿಕೊಳ್ಳುವ ಹರಿಣಾಕ್ಷಿ. ಫೋಲ್ಡರಿನ ಕೋಡ್ ಬರೆದವನು ಸುಖೇಶ್.

“ಅವರ ಗಂಡ,” ರೋಹಿತ ದನಿ ತಗ್ಗಿಸಿದ. “ಮೇ ತಿಂಗಳಲ್ಲಿ ಡೆಂಗೀ ಆಗಿ ತೀರಿಹೋದ್ರು. ಅವರ ಕೋಡನ್ನ ಹೊಸದಾಗಿ ಬರೆಸೋಕೆ ಶುರು ಮಾಡಿದ್ದೇ ಆ ಜೂನ್ ಎರಡಕ್ಕೆ.”

ಹರಿಣಾಕ್ಷಿಯ ಮೇಜಿನ ಮೇಲೆ ಒಂದೇ ಊಟದ ಡಬ್ಬಿಯಿತ್ತು, ಪಕ್ಕದಲ್ಲಿ ಎರಡು ಚಮಚ. ಶೈಲಾ ಅದನ್ನು ನೋಡಿ ಕಣ್ಣು ತಿರುಗಿಸಿದಳು.

“ಈ ಸಾಲು ನೀವು ಹಾಕಿದ್ದೇನ್ರಿ?”

“ಹೌದು.”

“ಯಾಕ?”

ಅವಳು ಪರದೆಯನ್ನು ತಿರುಗಿಸಿದಳು. ಅರ್ಥವಾಗದ ಕೋಡಿನ ನಡುವೆ ಕನ್ನಡದ ಒಂದು ಸಾಲು: ಹರಿಣಾ, ಮೊದಲು ಊಟ ಮಾಡು. ಈ ಫಂಕ್ಷನ್ ಎಲ್ಲಿಗೂ ಓಡಿ ಹೋಗುವುದಿಲ್ಲ.

“ಹೀಗೆ ತುಂಬಾ ಉಂಟು. ನಾನು ಓದ್ಲಿ ಅಂತ ಬರೀತಿದ್ರು. ಹೊಸ ಕೋಡಿನಲ್ಲಿ ಎಲ್ಲ ಅಳಿಸಿ ಹಾಕಿದ್ರು.”

“ಹಳೇ ಪ್ರತಿ ಎಲ್ಲ್ಯರ ಉಳೀತದಲ್ಲ?”

“ಉಳೀತದೆ ಸರ್, ಪೆಟ್ಟಿಗೆಯಲ್ಲಿ ಕಟ್ಟಿಟ್ಟ ಬಟ್ಟೆ ಹಾಗೆ. ನಂಗೆ ಅದು ಬೇಡ. ಹುಡುಕಿದ್ರೆ ಸಿಗ್ಬೇಕಿತ್ತು, ಅವರು ಇನ್ನೂ ಇಲ್ಲೇ ಕೆಲಸ ಮಾಡ್ತಾ ಇದ್ದ ಹಾಗೆ.”

“ಏಜೆಂಟ್ ಓದ್ತದ ಅಂತ ಗೊತ್ತಿರಲಿಲ್ಲೇನು?”

“ಗೊತ್ತಿತ್ತು.” ಅವಳು ಎರಡೂ ಚಮಚಗಳನ್ನು ಜೋಡಿಸಿಟ್ಟಳು. “ಆ ಫೋಲ್ಡರಿನ ಹತ್ರ ಯಾರಿಗೂ ಕೆಲಸ ಬೀಳ್ಲಿಕ್ಕಿಲ್ಲ ಅಂದ್ಕೊಂಡೆ. ಸತ್ತವರ ಹೆಸರೇನು ಸರ್?”

“ಕಾಡಪ್ಪ.” ಬೀಗ ಕಂಡು ಅವನು ಆಡಿದ ಕೊನೆಯ ಮಾತನ್ನೂ ಬಸವಲಿಂಗ ಹೇಳಿದರು. ಹರಿಣಾಕ್ಷಿ ಡಬ್ಬಿಯ ಮುಚ್ಚಳವನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು.

ಹೆಂಗಸರನ್ನು ಸೂರ್ಯ ಮುಳುಗುವ ಮೊದಲೇ ಬಂಧಿಸಬೇಕು. ಸಂಜೆ 5.50ಕ್ಕೆ ಶೈಲಾ ಬಂಧನದ ಪತ್ರಕ್ಕೆ ಹರಿಣಾಕ್ಷಿಯ ಸಹಿ ಪಡೆದು, ತೋಳು ಮುಟ್ಟಿ ಎಬ್ಬಿಸಿದಳು. ಖಡಕಿಗೆ ಹೋಗಿ ಕಲ್ಲವ್ವನಿಗೆ ಹೆಸರು ಹೇಳಬೇಕಾದವಳೂ ಶೈಲಾಳೇ. ಹೆಸರು ಹೇಳಬಹುದು. ಕಾರಣವನ್ನು ಯಾವ ಬಾಯಿಂದ ಹೇಳುವುದು?

ಇನ್ನೊಬ್ಬರಿಗೆ ಹೀಗಾಗದಂತೆ ಇಂಡೆಕ್ಸನ್ನು ಈಗಲೇ ಸರಿಪಡಿಸಲು ಬಸವಲಿಂಗ ಹೇಳಿದರು. ರೋಹಿತ ಫೋಲ್ಡರ್ ಬಿಡುವಂತೆ ಸೂಚಿಸಿದ್ದ ಸಾಲನ್ನು ಅಳಿಸಿ, ಇಂಡೆಕ್ಸನ್ನು ಹೊಸದಾಗಿಸುವ ಗುಂಡಿಯ ಮೇಲೆ ಬೆರಳಿಟ್ಟು ನಿಂತ. ಬಸವಲಿಂಗ ಕೈಗಡಿಯಾರ ನೋಡಿಕೊಂಡರು. ಶೈಲಾ ಬಾಗಿಲು ತೆರೆದು ಹಿಡಿದು, ನೆಲ ನೋಡುತ್ತಿದ್ದಳು.

“ಮೇಡಂ,” ಎಂದಳು ಹರಿಣಾಕ್ಷಿ. ಯಾರೂ ತಲೆ ಎತ್ತಲಿಲ್ಲ. “ಅದಕ್ಕೆ ಮೊದಲು ಒಂದು ಸಲ ಸುಖೇಶ್ ಹೆಸರು ಹಾಕಿ ಹುಡುಕ್ಲಾ?”