ತೊಳೆಯದ ಬಟ್ಟಲು

“ಸಂಜಿಯೊಳಗ ರಾಜೀನಾಮೆ ಕೊಡ್ಲಿಲ್ಲಂದ್ರ ನಮ್ಮನಿಯೋರನ್ನ ಕಳ್ಳ ಅಂತ ಪೊಲೀಸ್ರಿಗೆ ಒಪ್ಪಿಸ್ತಾರಂತ್ರೀ ಅಮ್ಮಾ!”

ಪಾಸ್ಟರ್ ಕರುಣಾಕರ ಅಯ್ಯನವರ ಹೆಂಡತಿ ಸ್ನೇಹಾ ಅಳುತ್ತಿದ್ದಳು. ಸೀತಾಬಾಯಿ ಕಾಫಿ ಲೋಟ ಕೆಳಗಿಟ್ಟರು. ಪೊಲೀಸ್ ಕೆಲಸದಿಂದ ನಿವೃತ್ತರಾದ ಮೇಲೂ ಹೊಸಪೇಟೆಯ ಆ ಓಣಿಯಲ್ಲಿ ಏನೇ ಕಳುವಾದರೂ ಜನ ಮೊದಲು ಬರುತ್ತಿದ್ದದ್ದು ಅವರ ಮನೆಗೇ.

“ಜಡೆಪ್ಪಾ, ಆಟೋ ತೆಗಿ.”

ಓಣಿಯ ಆಟೋ ಚಾಲಕ ಜಡೆಪ್ಪನ ರಕ್ತ ಆಗಲೇ ಕುದಿಯುತ್ತಿತ್ತು. ಅಯ್ಯನವರು ಪೌರಕಾರ್ಮಿಕರ ಕುಟುಂಬವೊಂದನ್ನು ಚರ್ಚಿನ ಮೊದಲ ಸಾಲಿನಲ್ಲಿ ಕೂರಿಸಿದಂದಿನಿಂದ ಕಾರ್ಯದರ್ಶಿ ಎಲೀಷ ಅವರ ಬೆನ್ನು ಬಿದ್ದಿದ್ದ. ಪ್ರಸಂಗದ ನಡುವೆ ಮೈಕು ಆರುತ್ತಿತ್ತು, ಮನೆಗೆ ನೀರು ನಿಲ್ಲುತ್ತಿತ್ತು. ಈಗ ಪ್ರಭುಭೋಜನದಲ್ಲಿ ಎಲ್ಲರೂ ಸರದಿಯಂತೆ ದ್ರಾಕ್ಷಿರಸ ಕುಡಿಯುವ ಬೆಳ್ಳಿ ಬಟ್ಟಲು ಅಯ್ಯನವರ ಟ್ರಂಕಿನಲ್ಲಿ ಸಿಕ್ಕಿತ್ತು.

“ನಿನ್ನೆ ಆರಾಧನೆ ಮುಗಿದ ಮ್ಯಾಲೆ ಮುಂಬಾಗಿಲಾಗ ನಿಂತು ಎಲ್ಲಾರ ಕೈ ಕುಲುಕಿದೆ. ವಾಪಸ್ ಬಂದ್ರ ಮೇಜಿನ ಮ್ಯಾಲೆ ಬಟ್ಟಲಿಲ್ಲ,” ಚರ್ಚಿಗೆ ಬಂದ ಸೀತಾಬಾಯಿಗೆ ಅಯ್ಯನವರು ಹೇಳಿದರು.

“ಸುಳ್ಳು! ಎಲ್ಲಾರೂ ಹೋದ ಮ್ಯಾಲೆ ತಾನ ಒಯ್ದಾನ,” ಎಂದ ಎಲೀಷ. “ನಾ ಅಂತೂ ಎರಡು ತಿಂಗಳಾತು, ಆ ಕೈ ಮುಟ್ಟಿಲ್ಲ. ಹಿಂದಿನ ವೆಸ್ಟ್ರಿ ಬಾಗಿಲಿಂದನ ಹೋಗ್ತೀನಿ.”

ಸೀತಾಬಾಯಿ ಬಟ್ಟಲಿನ ಮೇಲೆ ಸುತ್ತಿದ್ದ ಅಯ್ಯನವರ ಅಂಗಿಯನ್ನು ಬಿಚ್ಚಿದರು. ಬಟ್ಟಲಿನ ತಳದಲ್ಲಿ ದ್ರಾಕ್ಷಿರಸ ಅಂಟಂಟಾಗಿ ಒಣಗಿತ್ತು, ತುಂಬ ಇರುವೆ. ಅಯ್ಯನವರು ನಿಲುವಂಗಿ ಬದಲಿಸುವ ವೆಸ್ಟ್ರಿ ಕೋಣೆಗೆ ಜಡೆಪ್ಪ ಹೋಗಿ ಬಂದ. ಅದರ ಹಿಂಬಾಗಿಲ ಹೊಸ್ತಿಲಲ್ಲೂ ಕೆಂಪು ಕಲೆ, ಅಲ್ಲೂ ಇರುವೆ. ಬಾಗಿಲಿನಾಚೆ ಅಯ್ಯನವರ ಮನೆಯ ಹಿತ್ತಲು.

ಸಂಜೆ ಸಭೆಯ ಹಿರಿಯರೆಲ್ಲ ಚರ್ಚಿನಲ್ಲಿ ಕೂತರು. ಬೆಂಚಿನ ಮೇಲೆ ರಾಜೀನಾಮೆ ಕಾಗದವೂ ಪೆನ್ನೂ ಸಿದ್ಧವಾಗಿದ್ದವು.

“ಉಳಿದ ರಸ ಏನ್ ಮಾಡ್ತೀರಿ ಅಯ್ಯನೋರೆ?” ಸೀತಾಬಾಯಿ ಕೇಳಿದರು.

“ಬಾಗಿಲಿಂದ ಬಂದು ನಾನ ಕುಡಿತೀನ್ರಿ. ನೀರು ಹಾಕಿ ತೊಳೆದು, ಆ ನೀರೂ ಕುಡಿತೀನಿ. ಒಂದು ಹನಿ ಚೆಲ್ಲಂಗಿಲ್ಲ.”

ಹಿರಿಯರು ತಲೆಯಾಡಿಸಿದರು. ಅದನ್ನು ಅವರೆಲ್ಲ ವರ್ಷಗಟ್ಟಲೆ ಕಂಡಿದ್ದರು.

“ಅಂದ್ರ ತೊಳೆಯೋಕ್ಕಿಂತ ಮೊದ್ಲ, ಇವರು ಬಾಗಿಲಾಗ ನಿಂತಾಗ ಬಟ್ಟಲು ಹೋಗೇತಿ. ವೆಸ್ಟ್ರಿ ದಾಟುವಾಗ ರಸ ತುಳುಕೇತಿ. ಆವತ್ತು ಇವರ ಕೈ ಕುಲುಕಿದೋರು ಕೈ ಎತ್ರಿ.”

ಎಲ್ಲ ಕೈಗಳೂ ಮೇಲೆದ್ದವು. ಒಂದನ್ನು ಬಿಟ್ಟು.

“ಮುಟ್ಟೋದಿಲ್ಲಂತ ನೀನ ಜಂಬ ಕೊಚ್ಚಿದಿ ಎಲೀಷ. ಆ ಬಾಗಿಲಿಂದ ಹೋದಾಂವ ನೀ ಒಬ್ಬನ.”

ಎಲೀಷನ ಮುಖ ಕಪ್ಪಿಟ್ಟಿತು. “ಕದೀಲಿಲ್ಲ. ಓಡಿಸಬೇಕಿತ್ತು, ಅಷ್ಟ. ಆ ಕಸ ಗುಡಿಸೋರ ಬಾಯಿಗಿಟ್ಟ ಬಟ್ಟಲನ್ನ ನಮ್ಮ ಬಾಯಿಗೂ ಇಡ್ತಾನ!”

ಜಡೆಪ್ಪ ಮುಷ್ಟಿ ಬಿಗಿದು ಎದ್ದ. ಸೀತಾಬಾಯಿ ಅವನ ತೋಳು ಹಿಡಿದರು.

ಹಿರಿಯರೊಬ್ಬರು ಕೆಮ್ಮಿದರು. “ಆದದ್ದಾತು ಅಯ್ಯನೋರೆ. ಇವನ್ನ ಕ್ಷಮಿಸಿಬಿಡ್ರಿ, ಅದು ನಿಮ್ಮ ಧರ್ಮ. ಆದ್ರ ಸಭೆ ಒಡಿಬಾರ್ದು ನೋಡ್ರಿ... ಅದೊಂದು ಸಹಿ ಮಾಡಿಬಿಡ್ರಿ.”

“ಕಳ್ಳ ಅಲ್ಲಿ ಕುಂತಾನಲ್ರೀ!” ಜಡೆಪ್ಪ ಕೂಗಿದ. ಆ ಹಿರಿಯರು ಪೆನ್ನನ್ನು ಅಯ್ಯನವರತ್ತ ಸರಿಸಿದರು.

ಅಯ್ಯನವರು ಸಹಿ ಮಾಡಲಿಲ್ಲ. ಎದ್ದು ಹೋಗಿ ಮುಂಬಾಗಿಲಲ್ಲಿ ನಿಂತು, ಎಂದಿನಂತೆ ಕೈ ಚಾಚಿದರು.

ಹಿರಿಯರು ಒಬ್ಬೊಬ್ಬರಾಗಿ ಎದ್ದರು. ಎಲೀಷನ ಹಿಂದೆಯೇ, ಹೊಸ್ತಿಲ ಇರುವೆಗಳನ್ನು ತುಳಿಯುತ್ತ, ಎಲ್ಲರೂ ವೆಸ್ಟ್ರಿ ಬಾಗಿಲಿನಿಂದ ಹೊರಟುಹೋದರು.